ಹದಿನೈದರಾಗ ನಾಕನೇದು

ಅಳಿಯ ರೇವಣ ತಲಾಟಿ ಅದಾನ.
ಪಟದ ಬುಡಕ ಪೆನ್ಸಿಲಿನಾಗ ಬರದ ೪/೧೫ ನೋಡಿ
"ಇದ್ಯಾವ ಸರ್ವೆ ನಂಬರ, ಮಾವಾ?
ಎಷ್ಟು ಗುಂಟೆ? ಪಹಣಿ ಯಾರ ಹೆಸರಿಗದ?" ಅಂದ.
ನಗಿ ಬಂತು. ಖರೇ ಹೇಳಬೇಕಂದ್ರ
ಜಾಗಾ ಅದ ಅದರಾಗೂ.
ಗೇಣು ಅಗಲ, ಒಂದೂವರಿ ಗೇಣು ಉದ್ದ,
ನಟ್ಟನಡು ಒಂದು ಖುರ್ಚಿ,
ಖುರ್ಚಿ ಬೆನ್ನಿಗೆ ಬಿಳಿ ಟವೆಲ್ಲು.
ಕುಂತವರು ಯಾರೂ ಇಲ್ಲ.

ಕಲಬುರಗಿ ಶಹಾಬಜಾರದ ಒಂದು ಓಣ್ಯಾಗ
ಮೆಹಜಬೀನಳ ಛಾಪಾ ಯಂತ್ರ ಅದ,
ಗಾಲಿ ತಿರುವಿದ್ರ ಗಾಣದಂಗ ನರಳತದ.
ಪೆನ್ಶನ್ ತರ್ಲಾಕ ಹೋದವ
ಬಿಸಿಲು ತಾಳದೆ ಆಕಿ ಕಟ್ಟೀಗೆ ಕುಂತೆ.
ನೀರು ಕೊಟ್ಟಳು, ಕೇಳಿದಳು:
"ದಫೇದಾರ ಕಾಕಾ,
ಸಾಹೇಬರ ಖುರ್ಚಿಗೆ ಟವೆಲ್ ಯಾಕ?"
ಮೂವತ್ನಾಕು ವರ್ಷ ದಿನಾ ಬದಲಿಸೀನಿ,
ಯಾಕಂತ ನನಗ ಯಾರೂ ಕೇಳಿರಲಿಲ್ಲ.
ನಾ ಯಾರನ್ನೂ.

ಅವತ್ತಿಂದ ಹಿಡೀತು ಚಟ.
ಮೊದಲು ಕರೆಗಂಟೆ, ಒತ್ತೋ ಬಟ್ಟಷ್ಟೇ ಕಾಣತದ,
ಅದು ಇಪ್ಪತ್ತರಾಗ ಒಂಬತ್ತನೇದು.
ಆಮ್ಯಾಲ ಮೊಹರು.
ಮೊಹರಿನ ಅಕ್ಷರ ಉಲ್ಟಾ ಇರ್ತಾವ, ನನಗ ಗೊತ್ತು,
ಕಪಾಟಿನ ಕೀಲಿ ನನ್ನ ಉಡದಾರದಾಗೇ ಇತ್ತು.
ಆಕೀನೂ ಕಲ್ಲಿನ ಮ್ಯಾಲ ಎಲ್ಲಾ ಉಲ್ಟಾ ಬರೀತಾಳ.
ಕಾಗದಕ್ಕ ಬಂದ ಮ್ಯಾಲ ಸೀದಾ.
ಕಾಗದದಾಗ ಎಲ್ಲಾ ಸೀದಾನೇ ಇರ್ತದಲ್ಲ ತಂಗಿ, ಅಂದೆ.
ಗಾಲಿ ಬಿಟ್ಟು ನಕ್ಕಳು.

ಕಂತಿನ ಮ್ಯಾಲ ತಂದೆ, ತಿಂಗಳಿಗೆ ಸಾವಿರ.
ಜಗದೇವಿ ಅಂದಳು:
"ಅವರ ಖುರ್ಚಿ ಒರಸಿದ್ದು ಸಾಲಲಿಲ್ಲೇನು?
ರೊಕ್ಕ ಕೊಟ್ಟು ಮನೀಗೂ ತಂದಿ?
ಇದೇ ರೊಕ್ಕಕ್ಕ ಕೂಲರ್ ಬರ್ತಿತ್ತು."
ಕೂಲರಿನ ಮಾತು ಸುಳ್ಳಲ್ಲ.

ಹದಿನೈದೇ ಯಾಕವ್ವಾ, ಸಾವಿರ ತಗಿ ಅಂದಿದ್ದೆ.
ಹದಿನೈದು ಮುಗಿದ ದಿನ ನನ್ನ ಕರಸಿ
ಕಲ್ಲಿನ ಮ್ಯಾಲಿನ ಖುರ್ಚಿಗೆ
ಈ ಮೂಲಿಂದ ಆ ಮೂಲಿಗೆ
ಉಳೀಲೆ ಎರಡು ಗೀರು ಎಳದಳು, ಅಡ್ಡಡ್ಡ.
ಎದಿ ಝಲ್ಲಂತು.
ಹತ್ತೊಂಬತ್ತು ಸಾಹೇಬರನ್ನ ಕಂಡವ ನಾ,
ವರ್ಗ ಆದಾಗ ಅತ್ತವರು, ಬಂಗಲೆ ಬಿಡದವರು,
ಗೋಡಿ ಗಡಿಯಾರ ಬಿಚ್ಚಿಕೊಂಡು ಹೋದವ ಒಬ್ಬ.
ಇನ್ನ ಸಾಕಂತ ತಾನೇ ಗೀರು ಎಳಕೊಂಡವ
ಒಬ್ಬನೂ ಇಲ್ಲ.

ಆ ಕಲ್ಲು ಎಲ್ಲಿದಂದ್ರ
ಹಳೇ ಕಚೇರಿ ಕೆಡವಿದಾಗ ಸಿಕ್ಕ ಪಡಸಾಲಿ ಫರ್ಸಿ.
ಶಹಾಬಾದಿ. ಲಾರ್ಯಾಗ ಹೊಂಟಿದ್ದನ್ನ
ಅಡ್ಡ ನಿಂತು ಇಳಿಸಿಕೊಂಡಿದ್ದಳು.
ಉಸುಕು ಹಾಕಿ ಮೂರು ದಿನ ಉಜ್ಜಿದಳಂತ.
"ಕಲ್ಲು ನೀರು ಮರೀತದ ಕಾಕಾ,
ಜಿಡ್ಡು ಮರಿಯಂಗಿಲ್ಲ."
ನಾಕನೇ ಕಾಗದ ಎತ್ತಿದಾಗ
ಖುರ್ಚಿ ಕಾಲಿನ ಬಾಜೂಕ ಒಂದು ಕಲಿ.
ಕೆಟ್ಟಿತಂತ ಹರಿಲಾಕ ಹೊಂಟಳು.
ತಡಿ, ಅಂದೆ.
ಹಿಮ್ಮಡ. ಒಡದ ಹಿಮ್ಮಡ.
ಮ್ಯಾಲ ಐದು ಬಟ್ಟಿನ ಗುರ್ತು.

ಯಾರದಂತ ಗೊತ್ತಿಲ್ಲ.
ಚಿಂಚೋಳಿ ಕಡೀದೊಂದು ಮುದುಕಿ
ವಿಧವಾ ವೇತನಕ್ಕ ಒಂಬತ್ತು ಸಲ ಬಂದಿತ್ತು.
ನಿಂದರು, ಸಾಹೇಬರು ಮೀಟಿಂಗಿನಾಗ ಅದಾರ
ಅಂದವ ನಾನೇ.
ಸಾಹೇಬರು ಒಳಗ ಶೇಂಗಾ ಸುಲೀತಿದ್ರು.
ಹತ್ತನೇ ಸಲ ಸೆರಗಿನಾಗ ಒಂದು ಸೇರು ತೊಗರಿಬ್ಯಾಳಿ
ಕಟ್ಟಿಕೊಂಡು ಬಂತು.
ಬಾಗಿಲಾ ತಗದೆ.
ಬ್ಯಾಳಿ ಚೊಲೊ ಕುದ್ದಿತ್ತು, ಇನ್ನೂ ನೆನಪದ.

ಹಿಂಗಾಗಿ ಆ ಪಟ ಮ್ಯಾಲ ಹಾಕಿಲ್ಲ.
ನೆಲದಿಂದ ಎರಡು ಗೇಣಿಗೆ ಮೊಳಿ ಹೊಡದೀನಿ.
ಬೆಕ್ಕು ಅದಕ್ಕ ಮೈ ತಿಕ್ಕತದ,
ಕಸಬರಗಿ ತಾಗತದಂತ ಜಗದೇವಿ ಬೈತಾಳ.
ನೋಡ್ತೀನಂದವರು
ಕುಕ್ಕರಗಾಲಿಲೆ ಕುಂದರಬೇಕು.

ರೇವಣ ಹಂಗೇ ಕುಂತಾನ ಈಗ,
ಇಸ್ತ್ರಿ ಪ್ಯಾಂಟಿನ ಗೆರಿ ಮುರದು.
ಜೇಬಿನಾಗ ಫೋನು ಬಡಕೋತದ,
ಯಾರೋ ಪಹಣಿ ತಿದ್ದುಪಡಿಗೆ ಕಾಯ್ಲಾಕತ್ತಾರ.
"ಯಾರ ಕಾಲು ಮಾವಾ ಇದು?"
ಫೋನ್ ಎತ್ತು ಮೊದಲ,
ಅಂದೆ.