ಅರವತ್ತಮೂರು ಹೆಬ್ಬೆರಳು

ನನ್ನನ್ನು ಯಾರೂ ಆರಿಸಲಿಲ್ಲ.
ದೊಡ್ಡ ಪರದೆಯ ಫೋನು ಮೊದಲು ಕೊಂಡವಳು ನಾನು, ಅಷ್ಟೇ.
ಗಲೀಸಿಯಾದ ಈ ಕೊಲ್ಲಿಯಲ್ಲಿ ಇಳಿತಕ್ಕೆ ಕಾದು
ಕೆಸರು ಕೆರೆದು ಕಪ್ಪೆಚಿಪ್ಪು ಹೆಕ್ಕುವವರು
ನನ್ನನ್ನೂ ಸೇರಿ ಅರವತ್ತಮೂರು ಹೆಂಗಸರು;
ಹಾಗೆ ನಾನು ಅಡ್ಮಿನ್ ಆದೆ.
ಸಂಬಳವಿಲ್ಲ. ಬೈಗುಳ ಉಂಟು, ಹಬ್ಬದ ದಿನವೂ.

ಮೊದಮೊದಲು ಕಟ್ಟಳೆ ಏನೂ ಇರಲಿಲ್ಲ.
ಬೆಳಗಿನ ಜಾವ ನಾಲ್ಕಕ್ಕೆ ಶುಭೋದಯದ ಗುಲಾಬಿ,
ಯಾರದೋ ಮೊಮ್ಮಗನ ಹೊಸ ಹಲ್ಲು, ಸಂತರ ಪಟ.
ಇವುಗಳಡಿ ಎಲ್ಲೋ ಹೂತುಹೋಗಿರುತ್ತಿತ್ತು
ಇವತ್ತು ಯಾವ ದಿಬ್ಬ ತೆರೆದಿದೆ, ಯಾವುದು ಮುಚ್ಚಿದೆ
ಎಂಬ ಒಂದೇ ಒಂದು ಸಾಲು.
ಸಬೇಲಾ ಮುಚ್ಚಿದ ದಿಬ್ಬಕ್ಕಿಳಿದು ದಂಡ ಕಟ್ಟಿ ಬಂದಳು.
ಆ ಸಂಜೆಯೇ ಕಚ್ಚಾಡಿ ಕಚ್ಚಾಡಿ ಮೊದಲ ನಿಯಮ ಬರೆದೆವು:
ಗುಲಾಬಿ ಭಾನುವಾರ ಮಾತ್ರ.

ಎರಡು: ಧ್ವನಿ ಸಂದೇಶ ನಿಮಿಷ ಮೀರಬಾರದು,
ಓದಲು ಬಾರದ ಒಬ್ದೂಲಿಯಾ ಹೊರತು.
ಮೂರನೆಯದನ್ನು ಯಾಕೆ ಮಾಡಿದೆವೋ ಯಾರಿಗೂ ನೆನಪಿಲ್ಲ,
ತೆಗೆಯೋಣವೆಂದರೆ ಇಪ್ಪತ್ತು ಜನ ಬೇಡವೆನ್ನುತ್ತಾರೆ.
ನಾಲ್ಕನೆಯದು ನನ್ನದೇ:
ಅವಳ ಮಾತು ಕೇಳದೆ ಯಾರನ್ನೂ ಹೊರಹಾಕುವಂತಿಲ್ಲ.

ನವೆಂಬರಿನ ಒಂದು ರಾತ್ರಿ ಹನ್ನೊಂದು ಹತ್ತಕ್ಕೆ
ಒಂದು ಫೋಟೊ ಬಂತು. ಬಕೆಟ್ಟು.
ಒಳಗೆ ಉಗುರಿನಷ್ಟು ಮರಿಚಿಪ್ಪು,
ಅಳತೆಪಟ್ಟಿಯ ತೂತಿನಲ್ಲಿ ಹತ್ತು ಸಲ ಜಾರಿ ಬೀಳುವಂಥವು.
ಹೆಸರಿರಲಿಲ್ಲ. ಆದರೆ ಹಿಡಿಕೆಗೆ ಸುತ್ತಿದ ನೀಲಿ ಹಗ್ಗ
ಎಲ್ಲರಿಗೂ ಗೊತ್ತು.
ಎರ್ಮಿತಾಸ್.

ಆಮೇಲೆ ದಿಂಬಿನಡಿ ಫೋನು ಜೇನುಗೂಡು.
ತೆಗಿ ಅವಳನ್ನ, ಎಂದಳು ಕಾರ್ಮೆಲಾ.
ತೆಗಿ, ತೆಗಿ, ತೆಗಿ.
ನಾವು ಬಿತ್ತಿದ್ದು ಅವಳು ಉಣ್ಣುವುದೇ, ಎಂದಳೊಬ್ಬಳು.
ಗಂಡನ ಕೆಲಸ ಹೋಗಿದೆ ಪಾಪ, ಎಂದಳಿನ್ನೊಬ್ಬಳು.
ನನ್ನ ಗಂಡನಿಗೆ ಯಾವಾಗ ಇತ್ತು, ಎಂದಳು ಉಶಿಯಾ.
ನಗುವ ಹಳದಿ ಮುಖಗಳು ಒಂದಿಷ್ಟು ಉದುರಿದವು;
ನಗು ಮುಗಿದ ಮೇಲೆ ಇನ್ನೂ ಗಟ್ಟಿಯಾಗಿ: ತೆಗಿ.

ಒಂದು ಗುಂಡಿ ಒತ್ತಿದರೆ ಸಾಕಿತ್ತು.
ಗುಂಡಿ ಕಾರಣ ಕೇಳುವುದಿಲ್ಲ.
ಕೆಸರಲ್ಲಿ ಎದುರಾಬದುರು ನಿಂತು ಬೈದರೆ
ಬೈದವಳ ಮೂಗೂ ಸುರಿಯುತ್ತದೆ,
ಅರ್ಧ ತಾಸಿಗೆ ಅದೇ ಬುಟ್ಟಿ ಎತ್ತಲು ಕೈ ಕೊಡಬೇಕಾಗುತ್ತದೆ.
ಇಲ್ಲಿ ಹೆಬ್ಬೆರಳು ಒಂಟಿ. ಅದಕ್ಕೆ ಚಳಿಯೂ ಇಲ್ಲ.

ಪರದೆಯ ನೆತ್ತಿಯಲ್ಲಿ ಕಂಡಿತು:
ಎರ್ಮಿತಾಸ್ ಬರೆಯುತ್ತಿದ್ದಾರೆ...
ನಿಂತಿತು.
ಬರೆಯುತ್ತಿದ್ದಾರೆ...
ನಿಂತಿತು.
ಅರವತ್ತೆರಡು ಮನೆಗಳಲ್ಲಿ ಆ ಮೂರು ಚುಕ್ಕಿ ನೋಡುತ್ತ
ಯಾರೂ ದೀಪ ಆರಿಸಲಿಲ್ಲ.

ಒಂದೂವರೆಗೆ ಒಬ್ದೂಲಿಯಾಳ ದನಿ.
ಹದಿನೇಳು ಸೆಕೆಂಡು ಬರೀ ಉಸಿರು, ನಾಯಿ, ಗಾಳಿ.
ಕೊನೆಗೆ: ಹುಡುಗಿಯಾಗಿದ್ದಾಗ ನಾನೂ ಹೆಕ್ಕಿದ್ದೆ.
ಅಮ್ಮನೇ ಕಳಿಸಿದ್ದಳು. ಆಗ ಫೋಟೊ ಇರಲಿಲ್ಲ.

ಅದಾದ ಮೇಲೆ ಬೆರಳುಗಳು ನಿಧಾನವಾದವು.
ಮೂರು ಇಳಿತ ಎರ್ಮಿತಾಸ್ ಮರಿದಿಬ್ಬ ಕಾಯಲಿ ಎಂದಾಯಿತು.
ಕದ್ದು ಇನ್ನೊಬ್ಬಳ ಬಕೆಟ್ಟಿನ ಫೋಟೊ ತೆಗೆಯಬಾರದು,
ಇದು ಐದನೆಯದು ಎಂದೂ ಆಯಿತು.
ಕಾರ್ಮೆಲಾ ಬರೆದಳು: ನನಗೆ ಒಪ್ಪಿಗೆಯಿಲ್ಲ.
ಒಂದು ನಿಮಿಷ ಬಿಟ್ಟು: ಅಡ್ಡ ಬರುವುದೂ ಇಲ್ಲ.
ನಮ್ಮ ಆಡಳಿತವೆಲ್ಲ
ಆ ಒಂದು ನಿಮಿಷದಲ್ಲಿದೆಯೆಂದು ಕಾಣುತ್ತದೆ.

ಎರಡು ಇಪ್ಪತ್ತಕ್ಕೆ ಕೊನೆಗೂ ಎರ್ಮಿತಾಸ್:
ಐದು ನಲವತ್ತಕ್ಕೆ ಇಳಿತ. ಬರ್ತೀನಿ.
ಬೂಟು ತೂತಾಗಿದೆ. ಮೂವತ್ತೆಂಟರದ್ದು ಯಾರ ಹತ್ತಿರ ಇದೆ?
ಅದಕ್ಕೂ ಕಾರ್ಮೆಲಾಳೇ:
ಮೂವತ್ತೊಂಬತ್ತು. ಎರಡು ಜೊತೆ ಕಾಲುಚೀಲ ಹಾಕ್ಕೋ.

ಬೆಳಗ್ಗೆ ಮೇಲಕ್ಕೆ ಸರಿಸುತ್ತ ಓದಿದರೆ
ಒಂದು ಕಡೆ ಬೂದು ಅಕ್ಷರ:
ಈ ಸಂದೇಶವನ್ನು ಅಳಿಸಲಾಗಿದೆ.
ಹೊತ್ತು ಹನ್ನೊಂದು ಇಪ್ಪತ್ತು. ನನ್ನದು.
ಏನು ಬರೆದಿದ್ದೆ ಎಂದು ಯಾರೂ ಕೇಳಿಲ್ಲ.
ಅದು ಎಷ್ಟನೆಯ ನಿಯಮವೋ.