ಎಸ್ಟಿಮೇಟು

ಜಯನಗರದ ಮೂರನೇ ಮಹಡಿಯಲ್ಲಿ
ಮೆರ್ಲಿನ್ ಎಂಬಾಕೆ ನನ್ನ ಮೂಗನ್ನು
ಒಂದು ಹಾಳೆಯ ಮೇಲೆ ಬಿಡಿಬಿಡಿಸಿ ಬರೆದಳು:
ಸರ್ಜನ್ನಿಗಿಷ್ಟು, ಮಂಪರಿಗಿಷ್ಟು,
ಥಿಯೇಟರಿಗೆ ಗಂಟೆಯ ಲೆಕ್ಕ,
ಒಂದು ರಾತ್ರಿಯ ಮಂಚ. ಹತ್ತಿ, ಹೊಲಿಗೆ ಬೇರೆ.
ಅಡಿಯಲ್ಲಿ ಜಿಎಸ್‌ಟಿ.

"ಇನ್ಶೂರೆನ್ಸ್ ಬರಲ್ವಾ?"
"ಕಾಯಿಲೆಗೆ ಬರತ್ತೆ ಮೇಡಂ. ಇದು ಆಸೆ"
ಅಂದಳು, ಮೆತ್ತಗೆ.

ಒಂದು ಲಕ್ಷ ಎಂಬತ್ತು ಸಾವಿರ.
ಶ್ರೀರಾಂಪುರದ ನನ್ನ ಪಾರ್ಲರಿನಲ್ಲಿ
ಒಂದು ಜೊತೆ ಹುಬ್ಬಿಗೆ ನಲವತ್ತು.
ಹಸಿರು ಮೆಟ್ರೋದಲ್ಲಿ ನಿಂತೇ ಭಾಗಿಸಿದೆ:
ನಾಲ್ಕೂವರೆ ಸಾವಿರ ಮುಖಗಳು
ಆ ಹರಿದ ರೆಕ್ಸಿನ್ ಕುರ್ಚಿಗೆ ಒರಗಿ
ನನ್ನ ದಾರದಡಿ ಕಣ್ಣಲ್ಲಿ ನೀರು ತುಂಬಿಕೊಳ್ಳಬೇಕು
ನನ್ನದೊಂದು ಮುಖಕ್ಕೆ.

ಪಂಕಜಾಕ್ಷಮ್ಮನ ಚೀಟಿ ಕೂಗಿದರೆ ಈ ತಿಂಗಳೇ ದುಡ್ಡು,
ಇಪ್ಪತ್ತೆರಡು ಸಾವಿರ ಕಳಕೊಂಡು.
ಇಎಂಐಗೆ ಬಡ್ಡಿ ಇಲ್ಲವಂತೆ,
ಫೀಸು ಮಾತ್ರ ಇದೆಯಂತೆ.
ಮಿಕ್ಕದ್ದಕ್ಕೆ ಅಜ್ಜಿಯ ಮೂಗುತಿ.

ಮೂಗಿಗಿಂತ ಮೂಗುತಿ ಭಾರ ಅನ್ನುತ್ತಿದ್ದಳು ಅಜ್ಜಿ,
ಯಾರ ಮದುವೆ ಸುದ್ದಿ ಬಂದರೂ.
ಗಿರವಿ ಅಂಗಡಿಯ ಗಾಜಿನ ಡಬ್ಬಿಯೊಳಗೆ
ತಕ್ಕಡಿ ಒಂದೂಕಾಲು ಗ್ರಾಂ ಅಂದಿತು.
ಕಲ್ಲಿಗೆ ಬೆಲೆಯಿಲ್ಲ.

ಇದು ಅಪ್ಪನ ಮೂಗು.
ಮನೆ ಬಿಟ್ಟು ಹೋದವನು
ಒಯ್ಯಲು ಮರೆತದ್ದು ಇದೊಂದೇ.
ಕೊಡುವಾಗ ಅವನಿಗೆ ಚಿಕ್ಕಾಸು ಖರ್ಚಿಲ್ಲ.
ಕನ್ನಡಿ ಒರೆಸುವ ಕೆಲಸ ನನ್ನದು,
ದಿನಕ್ಕೆ ಹತ್ತು ಸಲ ಅವನು ಎದುರಾಗುತ್ತಾನೆ.

ಬೆಳಗಿನ ಮೊದಲ ಗಿರಾಕಿ,
ಪಿಯುಸಿ ಹುಡುಗಿ, ಮೊದಲ ಸಲವಂತೆ.
"ಅಕ್ಕಾ, ನೋಯತ್ತಾ?"
ದಾರ ಹಲ್ಲಲ್ಲಿದೆ. ತಲೆಯಾಡಿಸುತ್ತೇನೆ,
ಹೌದೆಂದೋ ಇಲ್ಲವೆಂದೋ,
ಮುಚ್ಚಿದ ಅವಳ ಕಣ್ಣಿಗೆ ಕಾಣುವುದಿಲ್ಲ.