ಸಮನ್ಸ್ ಡ್ಯೂಟಿ

ಒಂಬತ್ತು ವರ್ಷ ಈ ಸೈಕಲ್ ಕ್ಯಾರಿಯರಿಗೆ
ಅರವತ್ತೆರಡು ಹೆಸರು ಕಟಗೊಂಡು ತಿರುಗೇನಿ.
ನವನಗರದಾಗ ಸೆಕ್ಟರಿಗೊಂದು ನಂಬರು,
ಎಲ್ಲಾ ಕಡೆ ಒಂದಽ ನಮೂನಿ ಗೇಟು, ಒಂದಽ ನಮೂನಿ ನಾಯಿ.
ಕೆಲವು ವಿಳಾಸ ಹಳೇ ಬಾಗಲಕೋಟಿಯವು:
ಗಿರಣಿ ದಾಟಿ, ಬೇವಿನ ಗಿಡದ ಎಡಕ್ಕ.
ಅಲ್ಲಿ ಹಿನ್ನೀರು ನಿಂತೈತಿ.
ದಂಡಿಮ್ಯಾಲೆ ಕುಂತು ಷರಾ ಬರದೆ:
‘ಆರೋಪಿಯ ಮನೆಯು ನೀರಿನಲ್ಲಿರುವುದರಿಂದ
ಸಮನ್ಸು ಜಾರಿಯಾಗಿರುವುದಿಲ್ಲ.’
ಸಾಹೇಬ್ರು ನಕ್ಕರು.
ಮುಂದಿನ ತಾರೀಖಿಗೆ ಅವನ್ನ ಹುಡುಕಿ ನಿಲ್ಲಿಸಿದೆ.

ಬಂದ್ ದಿನ ಬಸ್ಸು ಸುಡೂವಾಗ ನಾನೂ ಇದ್ದೆ,
ಬೆತ್ತದ ಢಾಲು ಹಿಡಕೊಂಡು, ಇದ್ದೂ ಇಲ್ಲದಾಂಗ.
ಟಾಯರಿನ ಹೊಗಿವಾಸನಿ
ಖಾಕಿ ಬಿಟ್ಟು ಹೋಗಾಕ ಮೂರು ಒಗತ ಬೇಕಾತು.
ಕಂಡಕ್ಟರ್ ನಿಂಬೆವ್ವ ಹೂಲಗೇರಿಯ ಎಡಗಣ್ಣು
ಮೂರು ಆಪರೇಶನ್ನಿಗೂ ಬರಲಿಲ್ಲ.

ಸಾಕ್ಷಿಗೆ ಬಾ ಅಂದ್ರ ಆಕಿ ಎರಡು ಸಲ
ಬಾಗಿಲಾ ಹಾಕ್ಕೊಂಡಳು.
ಮೂರನೇ ಸಲ ಹೊಸ್ತಿಲದಾಗ ಕುಂತು ಅಂದೆ:
‘ಅವ್ವಾರ, ಕಂಡದ್ದಷ್ಟು ಹೇಳ್ರಿ.
ಉಳಿದದ್ದು ಕಾಯಿದೆ ನೋಡ್ಕೊಂತೈತಿ.’
ಹಿಂಗ ಅನ್ನೂದು ನನ್ನ ಡ್ಯೂಟಿಯೊಳಗ ಇರಲಿಲ್ಲ.
ಆಕಿ ಬಂದಳು. ಉಳಿದೊಂದು ಕಣ್ಣಿಲೆ ಗುರುತು ಹಿಡದಳು,
ಬೊಟ್ಟು ಮಾಡಿದಳು. ಆ ಬೊಟ್ಟು
ಯಾರ ಕಡೆ ತಿರುಗಿತ್ತೋ ಅಂವ
ಮುಂದ ನಗರಸಭೆಗೆ ಆರಿಸಿ ಬಂದ.

ಹೋದ ಮಂಗಳವಾರ ಸರಕಾರದ ಕಾಗದ ಬಂತು.
‘ಸಾರ್ವಜನಿಕ ಹಿತದೃಷ್ಟಿಯಿಂದ’
ಅರವತ್ತೆರಡೂ ಮಂದಿ ಮ್ಯಾಲಿನ ಮೊಕದ್ದಮೆ ವಾಪಸ್.
ಕೋರ್ಟ್ ಹೊರಗ ಸರಪಟಾಕಿ.
ನನ್ನ ಕೈಯಾಗೂ ಒಂದು ಪೇಡೆ ಇಟ್ಟರು:
‘ಹವಾಲ್ದಾರ್ರ, ಇನ್ನ ಸೈಕಲ್ಲಿಗೆ ವಿಶ್ರಾಂತಿ ಕೊಡ್ರಿ.’

ಹುಣಸಿಗಿಡದ ಬುಡಕ ಒಬ್ಬಾಂವ ನಿಂತಿದ್ದ,
ನಲವತ್ತೊಂದನೇ ಆರೋಪಿ, ದಾವಲಸಾಬ ಪಿಂಜಾರ.
ಬಂದ್ ದಿನ ರಿಪೇರಿಗೆ ಕೊಟ್ಟ ಮಿಕ್ಸರಿನ ಜಾರು
ಬಿಡಿಸಿಕೊಂಡು ಮನಿಗೆ ಹೊಂಟಾಗ ಸಿಕ್ಕಾಂವ.
ಪಂಚನಾಮೆಯೊಳಗ ಆ ಜಾರು
‘ಸ್ಟೀಲಿನ ಮಾರಕ ವಸ್ತು’ ಆತು.
(ಬರೆದ ಕೈ ನನ್ನದಲ್ಲ. ಓದಿ ಸುಮ್ಮನಿದ್ದದ್ದು ನಾನು.)
ಒಂದು ತಾರೀಖು ತಪ್ಪಿಸಿದಾಂವಲ್ಲ ಈತ.
ಬಸ್ಸು ಸುಟ್ಟವರು ವಕೀಲರನ್ನ ಕಳಿಸ್ತಿದ್ದರು,
ಈತ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬರ್ತಿದ್ದ.

‘ಮಾಫಿ ಆತಂತ, ಖರೇ ಏನ್ರಿ?’
‘ಹೌದೋ ತಮ್ಮಾ.’
‘ಯಾತಕ್ಕ ಮಾಫಿ?
ನಾ ಏನ ಮಾಡಿದ್ದೆ, ಮಾಫಿ ಆಗಾಕ?’
ಬಾಯಿಗೆ ಮಾತು ಬರಲಿಲ್ಲ.
‘ನಿರ್ದೋಷಿ ಅಂತ ಒಂದು ಮಾತು, ಸಾಹೇಬ್ರ ಬಾಯಿಲೆ,
ಅಷ್ಟಽ ಕೇಳಿ ಹೋಗೂಣಂತಿದ್ದೆ.
ಈಗ ಅವರ ಸಾಲಿನಾಗಽ ನಿಂತು ಪಾರಾದೆ.’
ಆಮ್ಯಾಲೆ, ನಡೀಲಿಕ್ಕೆ ಹತ್ತಿದಾಂವ, ತಿರುಗಿ ಅಂದ:
‘ಜಾರರೇ ಕೊಡಸ್ರಿ. ಅವ್ವ ಇನ್ನೂ ಕೇಳ್ತಾಳ.’

ಮುದ್ದೆಮಾಲಿನ ಖೋಲಿಯೊಳಗ ಹುಡುಕಿದೆ.
ಚೀಟಿ ಸಿಕ್ಕಿತು, ಜಾರು ಸಿಗಲಿಲ್ಲ.
ಯಾರದೋ ಮನಿಯಾಗ ಅದು
ಶೇಂಗಾಚಟ್ನಿ ಅರೀತಿರಬೇಕು.

ದಯೆ ಬ್ಯಾಡ ಅನ್ನಾಕ ನಾ ಯಾರು?
ಹಸಿದು ರೊಟ್ಟಿ ಕದ್ದಾಂವನ್ನ
ನಾನಽ ಗದರಿಸಿ ಬಿಟ್ಟು ಕಳಿಸೇನಿ, ಎರಡು ಸಲ.
ಆದ್ರ ಅವನ ಮಾರಿ ನೋಡಿ ಬಿಟ್ಟಿದ್ದೆ.
ಕಣಜದ ಬಾಯಿ ತಗದಾಂಗ
ಕಾಳು ಹೊಟ್ಟು ಒಂದಽ ಸುರುವಿದ್ದಿಲ್ಲ.

ಸಂಜಿಮುಂದ ಡಿಪೋದ ಹಿಂದಿನ ಓಣಿಗೆ ಹೋದೆ.
ಕೈಯಾಗ ಕಾಗದ ಇಲ್ಲದ ಆ ಮನಿಗೆ ಹೋದದ್ದು
ಅದಽ ಮೊದಲು.
ಇಂಥಾದ್ದು ತಿಳಿಸಾಕ ನಮ್ಮಲ್ಲಿ
ಯಾವ ನಮೂನೆ ಫಾರಮ್ಮೂ ಇಲ್ಲ.

ನಿಂಬೆವ್ವ ಮೆಂತ್ಯೆ ಸೋಸಾಕ ಹತ್ತಿದ್ದಳು.
ಟಿವಿಯಾಗ ಆಗಽ ಕೇಳಿದ್ದಳು.
ಬೈಯಲಿಲ್ಲ. ‘ಚಾ ಕುಡದ ಹೋಗ್ರಿ’ ಅಂದಳು.
ಸಕ್ಕರಿ ಎರಡು ಚಮಚಾ, ನನ್ನ ಲೆಕ್ಕ ಆಕಿಗೆ ನೆನಪೈತಿ.
ಕಪ್ಪು ಇಸಗೊಳ್ಳೂವಾಗ ಅಂದಳು:
‘ಮುಂದಿನ ಬಸ್ಸು ಸುಟ್ಟಾಗ
ನಾ ಏನೂ ಕಂಡಿಲ್ಲ, ಹವಾಲ್ದಾರ್ರ.
ಮರೀತೀರಿ, ಈಗಽ ಬರಕೋರಿ.’

ಕಿಸೆಗೆ ಕೈ ಹಾಕಿದೆ ಪೆನ್ನಿಗೆ, ರೂಢಿಗೆ.
ಬೊಟ್ಟಿಗೆ ಪೇಡೆ ಹತ್ತಿತು,
ಬಿಸಿಲಿಗೆ ಕರಗಿದ್ದು.